ಆಣೆ ಬಿಚ್ಚಿದ ಮೂವರು

ಗಂಡನಿಗೆ ನೇಣು ಖಂಡಿತ ಎಂದು ಬ್ರಿಜಿದಾಗೆ ಹೇಳಿದವನು ಕೋಟೆಯ ಜೈಲಿನ ಕಾವಲುಗಾರ. ಕೆಟ್ಟ ಮನಸ್ಸಿನಿಂದೇನೂ ಅವನು ಹೇಳಲಿಲ್ಲ. ಅವಳು ತಂದ ರೊಟ್ಟಿಯನ್ನು ಮುರಿದು, ಒಳಗೆ ಏನೂ ಬಚ್ಚಿಟ್ಟಿಲ್ಲವೆಂದು ನೋಡಿ, ಒಂದು ತುಂಡನ್ನು ತನ್ನ ಬಾಯಿಗೆ ಹಾಕಿಕೊಂಡ.

"ನೋಡಮ್ಮ, ಸಂತ ಯೋಹಾನರ ಹಬ್ಬ ಕಳೀತಿದ್ದ ಹಾಗೆ ನೇಪಲ್ಸಿಂದ ಸೇನೆಯ ನ್ಯಾಯಾಧೀಶರು ಬರ್ತಾರೆ. ಅವರ ಹಿಂದೇನೇ ಹಗ್ಗದವನೂ ಬರ್ತಾನೆ. ನಿನ್ನ ಗಂಡ ಬಿಷಪ್ಪರ ಕಡೆಯವರ ಮುಂದೆ ಮಂಡಿಯೂರಿ, ಆ ಗುಂಪು ಬಿಟ್ಟೆ, ಆ ಆಣೆ ತೊರೆದೆ ಅಂತ ನಾಲ್ಕು ಮಾತು ಹೇಳಿದ್ರೆ ಸಾಯಂಕಾಲಕ್ಕೆ ಮನೇಲಿರ್ತಾನೆ. ನಮಗೂ ಒಬ್ಬನ ಗಂಜಿ ಉಳಿಯುತ್ತೆ. ಹೇಳ್ಸು."

ಹೇಳಿಸಲು ಅವಳು ಮಾಡದ ಪ್ರಯತ್ನವಿರಲಿಲ್ಲ. ಅತ್ತಿದ್ದಳು, ಬೈದಿದ್ದಳು, ಕಂಬಿಗೆ ಹಣೆ ಚಚ್ಚಿಕೊಂಡಿದ್ದಳು. ಕಾನಿಯೊ ಒಂದೇ ಮಾತು ಹಿಡಿದಿದ್ದ. "ನಾನು ಕಟ್ಟಿಸ್ಕೊಂಡ ಗಂಟನ್ನ ನಾನೇ ಬಿಚ್ಚೋ ಹಾಗಿಲ್ಲ, ಬ್ರಿಜಿದಾ. ಕಟ್ಟಿದವರು ಬಿಚ್ಚಬೇಕು. ಮಂಡಿಯ ಮೂವರು ಹಿರಿಯರು ಕೂತು ಬಿಚ್ಚಿದ್ರೆ ನಾಳೆ ಬೆಳಿಗ್ಗೇನೇ ಮಂಡಿಯೂರ್ತೀನಿ. ನನಗೇನು ಸಾಯೋ ಚಪಲಾನಾ?"

ಮಂಡಿಯೆಂದರೆ ಇದ್ದಿಲ ಮಂಡಿ. ಇದ್ದಿಲು ಮಾರುವವರು ಅಲ್ಲಿ ಒಬ್ಬರೂ ಇರಲಿಲ್ಲ. ಅವರ ಊರಾದ ಪಿಯೆತ್ರಸೆಲ್ಲದಲ್ಲಿ ಆ ಹೆಸರಿನಲ್ಲಿ ಗುಟ್ಟಾಗಿ ಸೇರುತ್ತಿದ್ದವರು ಔಷಧಿ ಅಂಗಡಿಯವನು, ಇಗರ್ಜಿಯ ಪಾದ್ರಿ, ಕಮ್ಮಾರ, ಶಾಲೆಯ ಮೇಷ್ಟ್ರು, ಗಾಣದ ಕಾನಿಯೊ, ಇಂಥವರು. ಒಬ್ಬರಿಗೊಬ್ಬರು 'ಒಳ್ಳೆಯ ಬಂಧು' ಎಂದು ಕರೆದುಕೊಳ್ಳುತ್ತಿದ್ದರು. ಕೈಕುಲುಕುವಾಗ ಹೆಬ್ಬೆರಳಿನಿಂದ ಅಂಗೈಯನ್ನು ಮೆಲ್ಲಗೆ ಗೀರುತ್ತಿದ್ದರು. ಕಾಡಿನಿಂದ ತೋಳಗಳನ್ನು ಓಡಿಸಬೇಕು ಎನ್ನುತ್ತಿದ್ದರು. ತೋಳವೆಂದರೆ ರಾಜನೂ ಅವನ ಕಡೆಯವರೂ ಎಂಬುದು ಎಲ್ಲರಿಗೂ ಗೊತ್ತಿತ್ತು. ಕಳೆದ ಬೇಸಿಗೆಯಲ್ಲಿ ರಾಜನೇ ಹೆದರಿ ಸಂವಿಧಾನಕ್ಕೆ ಒಪ್ಪಿದಾಗ ಇವರೆಲ್ಲ ಕಪ್ಪು, ಕೆಂಪು, ನೀಲಿ ಪಟ್ಟಿ ಕಟ್ಟಿಕೊಂಡು ಬೀದಿಯಲ್ಲಿ ಮೆರೆದಿದ್ದರು. ಈ ವಸಂತದಲ್ಲಿ ರಾಜನ ನೆರವಿಗೆ ಆಸ್ಟ್ರಿಯಾದ ಸೈನ್ಯ ಬಂದಿತು. ಪಟ್ಟಿಗಳು ಒಲೆ ಸೇರಿದವು.

ಆ ಸಭೆಗಳು ನಡೆಯುತ್ತಿದ್ದುದು ಕಾನಿಯೊನ ಗಾಣದಲ್ಲಿ. ಆಲಿವ್ ಅರೆಯುವ ಕಾಲ ಬಿಟ್ಟರೆ ಬಂಡೆಯಲ್ಲಿ ಕೊರೆದ ಆ ನೆಲಮಾಳಿಗೆ ಖಾಲಿಯೇ ಇರುತ್ತಿತ್ತು. ಮೇಲೆ ಹಲಗೆ ಹಾಸಿದ ಮನೆ. ಹಲಗೆಗಳ ಸಂದಿನಲ್ಲಿ ಬೆರಳು ತೂರುವಷ್ಟು ಜಾಗ. ಗಂಡಸರು ಕೆಳಗೆ ಗುಟ್ಟು ಎಂದುಕೊಂಡು ಆಡಿದ್ದೆಲ್ಲ ಬ್ರಿಜಿದಾ ಮೇಲೆ ಹುರುಳಿ ಆರಿಸುತ್ತಾ, ಬಟ್ಟೆಗೆ ತೇಪೆ ಹಾಕುತ್ತಾ ವರ್ಷಗಟ್ಟಲೆ ಕೇಳಿದ್ದಳು. ಯಾರು ಎಷ್ಟು ಸಲ ಕೊಡಲಿಯಿಂದ ಕೊರಡು ತಟ್ಟುತ್ತಾರೆ, ಹೊಸಬನ ಕಣ್ಣಿಗೆ ಬಟ್ಟೆ ಕಟ್ಟಿ ಬೆಂಕಿಯ ಬಳಿ ಹೇಗೆ ನಡೆಸುತ್ತಾರೆ, ಆಣೆಯಲ್ಲಿ ಏನೇನು ಹೇಳಿಸುತ್ತಾರೆ ಎಲ್ಲವೂ ಗೊತ್ತು. ಮಾತು ತಪ್ಪಿದವನ ದೇಹ ತುಂಡಾಗಲಿ, ಸುಟ್ಟು ಬೂದಿಯಾಗಲಿ, ಬೂದಿ ಗಾಳಿಗೆ ಹೋಗಲಿ ಎಂಬಲ್ಲಿ ಕಾನಿಯೊನ ದನಿ ನಡುಗಿದ್ದೂ ಅವಳ ಕಿವಿಯಲ್ಲಿತ್ತು.

ಕೋಟೆಯಿಂದ ಬಂದವಳೇ ಅವಳು ಔಷಧಿ ಅಂಗಡಿಗೆ ಹೋದಳು. ಊರವರು ಗೌರವದಿಂದ 'ಡಾನ್' ಎನ್ನುತ್ತಿದ್ದ ಅಂಗಡಿಯವನು ಎಜಿದಿಯೊ ಮಂಡಿಯ ಯಜಮಾನ, ಕೊರಡಿನ ಮುಂದೆ ಕೂರುತ್ತಿದ್ದವನು. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ.

"ಡಾನ್ ಎಜಿದಿಯೊ, ಮೂವರು ಕೂತು ಅವನ ಆಣೆ ಬಿಚ್ಚಿ. ಅರ್ಧ ಗಂಟೆ ಕೆಲಸ. ಗಾಣದ ಬಾಗಿಲು ನಾನು ಕಾಯ್ತೀನಿ."

ಅವನು ತಕ್ಕಡಿಯ ತಟ್ಟೆ ಒರೆಸುತ್ತಲೇ ಇದ್ದ. "ಯಾವ ಆಣೆ, ತಾಯಿ?"

"ನಿಮ್ಮ ಮಂಡಿಯ ಆಣೆ."

"ಇದ್ದಿಲು ಬೇಕಾದ್ರೆ ಸಂತೇಲಿ ಸಿಗುತ್ತೆ. ನನ್ನ ಹತ್ರ ಹೊಟ್ಟೆನೋವಿಗೆ ಔಷಧಿ ಇದೆ. ಕೊಡ್ಲಾ?"

ಬ್ರಿಜಿದಾ ಕೈ ಚಾಚಿ ಅವನ ಕೈಯನ್ನು ಹಿಡಿದು ಹೆಬ್ಬೆರಳಿನಿಂದ ಅಂಗೈ ಗೀರಿದಳು. ಚೇಳು ಕುಟುಕಿದವನಂತೆ ಅವನು ಕೈ ಎಳೆದುಕೊಂಡ. ಮುಖ ಬಿಳಿಚಿಕೊಂಡಿತು. "ಆಚೆ ಹೋಗು. ಇನ್ನೊಂದು ಸಲ ಬಂದ್ರೆ ಸಿಪಾಯಿಗಳನ್ನ ಕರೀತೀನಿ," ಎಂದ.

ಪಾದ್ರಿ ಡಾನ್ ಲಿಬೆರಾತೊ ಮಂಡಿಯಲ್ಲಿ ಮೊದಲನೆಯ ಸಹಾಯಕ. ಅವನನ್ನು ಹಿಡಿಯಲು ಅವಳು ಪಾಪನಿವೇದನೆಯ ಗೂಡಿನ ಮುಂದೆ ಸಾಲಿನಲ್ಲಿ ನಿಂತಳು. ಜಾಲರಿಯ ಆಚೆಯಿಂದ ಅವನ ಉಸಿರು ಕೇಳಿಸುತ್ತಿತ್ತು.

"ಸ್ವಾಮಿ, ಅವನನ್ನ ಉಳಿಸೋದು ನಿಮ್ಮ ಕೈಲಿದೆ."

"ಅವನಿಗೋಸ್ಕರ ಒಂದು ಪೂಜೆ ಇಡ್ತೀನಿ, ಮಗಳೇ."

"ಪೂಜೆ ಸತ್ತ ಮೇಲೂ ಇಡಬಹುದು, ಸ್ವಾಮಿ. ಈಗ ಗಾಣಕ್ಕೆ ಬನ್ನಿ."

ಜಾಲರಿಯ ಕಿರುಬಾಗಿಲು ಮುಚ್ಚಿಕೊಂಡಿತು.

ಎರಡನೆಯ ಸಹಾಯಕ ಕಮ್ಮಾರ. ಅವನನ್ನು ಕೇಳುವಂತಿರಲಿಲ್ಲ. ಈಸ್ಟರ್ ಮುಗಿದ ಮರುವಾರ ಅವನನ್ನು ಕತ್ತೆಯ ಮೇಲೆ ಕೂರಿಸಿ, ಕುತ್ತಿಗೆಗೆ ಮೂರು ಬಣ್ಣದ ಪಟ್ಟಿ ನೇತುಹಾಕಿ, ಚೌಕದಲ್ಲಿ ಚಾಟಿಯಲ್ಲಿ ಹೊಡೆದಿದ್ದರು. ಬೆನ್ನಿನ ಹುಣ್ಣು ಕೀವುಗಟ್ಟಿ ಅವನು ಸತ್ತ. ಜೈಲಿನಲ್ಲಿದ್ದ ಕಾನಿಯೊಗೆ ಆ ಸುದ್ದಿ ಹೇಳಲು ಬ್ರಿಜಿದಾಗೆ ಧೈರ್ಯ ಬಂದಿರಲಿಲ್ಲ. ಅವನ ಹೆಂಡತಿ ಮಿಕೆಲೀನಾ ಆಮೇಲೆ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ಗಂಡನ ಕುಲುಮೆಯಲ್ಲಿ ಒಲೆ ಹಚ್ಚದೆ ಸುಮ್ಮನೆ ಕೂತಿರುತ್ತಿದ್ದಳು.

ಮನೆಗೆ ಬಂದಾಗ ಅತ್ತೆ ದೊನಾತಾ ಜಪಸರ ಎಣಿಸುತ್ತಾ ಒಲೆಯ ಮುಂದೆ ಕೂತಿದ್ದಳು. ಅವಳಿಗೆ ಕಣ್ಣು ಅರ್ಧ ಮಂಜು. ಬಾಯಿ ಮಾತ್ರ ಪೂರ್ತಿ ಚುರುಕು.

"ಏನಂದ್ರು ನಿನ್ನ ಗಂಡನ ಒಳ್ಳೆಯ ಬಂಧುಗಳು?"

"ಒಬ್ಬ ಔಷಧಿ ಕೊಡ್ತೀನಿ ಅಂದ. ಇನ್ನೊಬ್ಬ ಪೂಜೆ ಕೊಡ್ತೀನಿ ಅಂದ."

"ನಾನು ಅವತ್ತೇ ಹೇಳಿದ್ದೆ. ಗಂಡಸರು ಬಾಗಿಲು ಹಾಕ್ಕೊಂಡು ಕೂತ್ರು ಅಂದ್ರೆ ಒಂದೋ ಇಸ್ಪೀಟು, ಇಲ್ಲ ಕೇಡು. ಇಸ್ಪೀಟು ಆಡಿದ್ರೆ ಗಾಣ ಹೋಗ್ತಿತ್ತು, ಮಗನಾದ್ರೂ ಉಳೀತಿದ್ದ."

ಬ್ರಿಜಿದಾ ನೆಲದ ಮೇಲೆ ಕೂತು ಹಲಗೆಯ ಸಂದಿಯನ್ನೇ ನೋಡಿದಳು. ಕೆಳಗೆ ಕತ್ತಲು. ಶಾಲೆಯ ಮೇಷ್ಟ್ರು ಸಾಯುವ ಮುಂಚೆ ಆಣೆಯ ಭಾರ ಹೊತ್ತು ಮಣ್ಣಿಗೆ ಹೋಗಲಾರೆ ಎಂದು ಅತ್ತಿದ್ದರು. ಅವರನ್ನು ಮಂಚದ ಸಮೇತ ಹೊತ್ತು ತಂದು ಇಲ್ಲೇ ಬಿಚ್ಚಿದ್ದರು. ಆ ಒಂದು ಸಲ ಮಾತ್ರ ಅವಳು ಆ ವಿಧಿ ಕೇಳಿದ್ದು. ಕೆಂಡ ನೀರಿಗೆ ಹಾಕಿದ ಚುಂಯ್ ಸದ್ದು. ಆರಿದ ಇದ್ದಿಲನ್ನು ಅಂಗೈಗೆ ಹಚ್ಚಿ ಉಪ್ಪಿನಿಂದ ಉಜ್ಜುವುದು. ಅದರ ಮಾತುಗಳು. ಅವಳು ಕಣ್ಣು ಮುಚ್ಚಿ ಒಂದೊಂದನ್ನೇ ಹುಡುಕಿ ತೆಗೆದಳು. ಮೊದಲು ಇದ್ದಿಲು ಸುಡುವವರನ್ನು ಕಾಯುವ ಸಂತ ತೆಯೊಬಾಲ್ದೊನ ಹೆಸರು, ಆಮೇಲೆ ಕಾಡಿನ ಹೆಸರು, ಆಮೇಲೆ...

"ಅತ್ತೆ," ಎಂದಳು, "ಮೂವರು ಬೇಕು. ಗಂಡಸರೇ ಆಗಬೇಕು ಅಂತ ಅವರು ಯಾವತ್ತೂ ಹೇಳಿದ್ದು ನಾನು ಕೇಳಿಲ್ಲ."

ದೊನಾತಾಗೆ ಅರ್ಥವಾದ ಕೂಡಲೇ ಜಪಸರವನ್ನು ಮುಷ್ಟಿಯಲ್ಲಿ ಬಿಗಿಹಿಡಿದಳು. "ಇಂಥ ಗುಟ್ಟಿನ ಕೂಟಗಳನ್ನ ಪೋಪ್ ಶಪಿಸಿದ್ದಾರೆ. ಅಲ್ಲಿ ಕೂತ್ರೆ ನರಕ ಕಣೇ."

"ಗೊತ್ತು."

"ನನಗೆ ಸಾಯೋ ವಯಸ್ಸು. ನಿನಗಾದ್ರೆ ಪಶ್ಚಾತ್ತಾಪಕ್ಕೆ ಕಾಲ ಇದೆ. ನನಗೆಲ್ಲಿ?"

"ಬೇಡ ಅಂದ್ರೆ ಬೇಡ ಬಿಡಿ, ಅತ್ತೆ."

"ಬೇಡ ಅಂದ್ನಾ? ನರಕ ಅಂದೆ ಅಷ್ಟೆ." ಮುದುಕಿ ಗೋಡೆ ಹಿಡಿದು ಎದ್ದಳು. "ಆ ಕಮ್ಮಾರನ ಹೆಂಡ್ತೀನ ಕರ್ಕೊಂಡು ಬಾ. ಅವಳ ಗಂಡ ಕೂರ್ತಿದ್ದ ಜಾಗ ಅವಳದೇ."

ಮರುದಿನ ಮಧ್ಯಾಹ್ನ ಊರೆಲ್ಲ ಬಾಗಿಲು ಹಾಕಿಕೊಂಡು ಮಲಗಿದ್ದ ಹೊತ್ತಿನಲ್ಲಿ ಮೂವರೂ ಗಾಣಕ್ಕೆ ಇಳಿದರು. ಬೀದಿಯಲ್ಲಿ ನಾಯಿಯೂ ಇರಲಿಲ್ಲ. ಬ್ರಿಜಿದಾ ಕೊರಡಿಗೆ ಬಿಳಿ ಬಟ್ಟೆ ಹಾಸಿದಳು. ಅದು ಅವಳ ಮದುವೆಯ ದುಪ್ಪಟಿ. ಶಿಲುಬೆ, ನೀರಿನ ಬಟ್ಟಲು, ಉಪ್ಪು, ಓಕ್ ಮರದ ಎಲೆ, ನೂಲಿನ ಉಂಡೆ ಇಟ್ಟಳು. ಮಿಕೆಲೀನಾ ಕುಲುಮೆಯಲ್ಲಿ ಅಂದು ಒಲೆ ಹಚ್ಚಿ ಮಡಕೆಯಲ್ಲಿ ಕೆಂಡ ತಂದಿದ್ದಳು. ಗಂಡ ಸತ್ತ ಮೇಲೆ ಅದೇ ಮೊದಲ ಬೆಂಕಿ.

"ಕೊರಡಿನ ಮುಂದೆ ಯಾರು ಕೂರೋದು?" ಎಂದು ದೊನಾತಾ ಕೇಳಿದಳು.

"ಹಿರಿಯರು ನೀವು."

"ನನಗೆ ಮಂತ್ರ ಬರಲ್ಲ. ಬರೋಳು ಕೂರಲಿ."

ಬ್ರಿಜಿದಾ ಕೂತಳು. ಕೊಡಲಿಯ ಹಿಡಿಯಿಂದ ಕೊರಡು ತಟ್ಟಿದಳು. ಕಾನಿಯೊನ ಅಂಗಿಯೊಂದನ್ನು ಅವನ ಬದಲಿಗೆ ಮುಂದೆ ಇಟ್ಟಿದ್ದರು. ಅವಳು ನೆನಪಿದ್ದಂತೆ ಹೇಳುತ್ತಾ ಹೋದಳು. ಎರಡು ಕಡೆ ಮಾತು ತಪ್ಪಿತು. ಮತ್ತೆ ಮೊದಲಿನಿಂದ ಶುರು ಮಾಡಿದಳು. ದೊನಾತಾ ಪ್ರತಿ ವಾಕ್ಯಕ್ಕೂ ಶಿಲುಬೆಯ ಗುರುತು ಹಾಕಿಕೊಂಡಳು, ಯಾವ ದೇವರನ್ನು ಸಮಾಧಾನ ಮಾಡುತ್ತಿದ್ದಳೋ. ಕೆಂಡ ನೀರಿಗೆ ಬಿದ್ದಾಗ ಮಿಕೆಲೀನಾ ಬಾಯಿಗೆ ತಲೆವಸ್ತ್ರದ ಅಂಚು ತುರುಕಿಕೊಂಡು ಅತ್ತಳು. "ನನ್ನವನನ್ನೂ ಬಿಚ್ಚು," ಎಂದಳು. ತನ್ನ ಗಂಡನನ್ನು. ಆ ಹೆಸರನ್ನೂ ಹೇಳಿ ಬ್ರಿಜಿದಾ ಮತ್ತೊಂದು ಕೆಂಡ ಆರಿಸಿದಳು.

ಕೋಟೆಗೆ ಹೋಗುವಾಗ ಆ ಇದ್ದಿಲನ್ನು ತನ್ನ ಬಲಗೈಗೇ ಉಜ್ಜಿಕೊಂಡಳು. ಉಪ್ಪನ್ನು ರೊಟ್ಟಿಯ ಮೇಲೆ ಚಿಮುಕಿಸಿದಳು. ಕಾವಲುಗಾರ ಅವಳ ಕೈ ನೋಡಿ, "ಒಲೆ ಬಳಿದು ಬಂದ್ಯಾ?" ಎಂದು ಕೇಳಿ ಒಳಗೆ ಬಿಟ್ಟ.

ಕಾನಿಯೊನ ಗಡ್ಡ ಎದೆಗಿಳಿದಿತ್ತು. ಅವಳು ಕಂಬಿಯೊಳಗೆ ಕೈ ತೂರಿ ಅವನ ಕೈ ಹಿಡಿದು ಗೀರಿದಳು. ಅವನು ಬೆಚ್ಚಿ ನೋಡಿದ. ಅವನ ಅಂಗೈ ಕಪ್ಪಾಯಿತು. ಅವಳು ರೊಟ್ಟಿಯ ಮೇಲಿನ ಉಪ್ಪನ್ನು ಬೆರಳಿನಲ್ಲಿ ಒತ್ತಿ ತೆಗೆದು ಆ ಕಪ್ಪನ್ನು ಉಜ್ಜಿದಳು. ತುಟಿ ಮಾತ್ರ ಆಡಿಸುತ್ತಾ ಮಾತುಗಳನ್ನು ಹೇಳಿದಳು: "ಕಾಡು ನಿನ್ನನ್ನು ಬಿಟ್ಟಿದೆ. ಬೆಂಕಿ ನಿನ್ನನ್ನು ಬಿಟ್ಟಿದೆ. ಬಂಧುಗಳು ನಿನ್ನನ್ನು ಬಿಟ್ಟಿದ್ದಾರೆ."

"ಕೂತ್ರಾ?" ಎಂದ ಅವನು. ದನಿ ಒಡೆದಿತ್ತು.

"ಕೂತ್ರು."

"ಯಾರು ಕೊರಡಿನ ಮುಂದೆ?"

"ಕೂರಬೇಕಾದವರು. ಹೆಸರು ಹೇಳೋ ಹಾಗಿಲ್ಲ ಅಂತ ನಿನಗೇ ಗೊತ್ತಲ್ಲ."

ಅವನು ಕಂಬಿಗೆ ಹಣೆಯಾನಿಸಿ ಬಿಕ್ಕಿಬಿಕ್ಕಿ ಅತ್ತ. "ಎಜಿದಿಯೊನ ನಾನು ಪುಕ್ಕಲ ಅಂದ್ಕೊಂಡಿದ್ದೆ. ಇಂಥ ಕಾಲದಲ್ಲಿ ಬಂದು ಕೂತನಲ್ಲ. ತಪ್ಪು ತಿಳ್ಕೊಂಡಿದ್ದೆ ಕಣೇ ಆ ಮನುಷ್ಯನನ್ನ." ಬ್ರಿಜಿದಾ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ.

ಹಬ್ಬಕ್ಕೆ ಮುಂಚೆ ಕಾನಿಯೊ ಮಂಡಿಯೂರಿದ. ಮನೆಗೆ ಬಂದ. ದೊನಾತಾ ಅವನ ತಲೆ ತೊಳೆದಳು, ಹೇನು ತೆಗೆದಳು. ಹುರುಳಿ ಸಾರಿನಲ್ಲಿ ಎಣ್ಣೆ ತೇಲುವ ಹಾಗೆ ಹಾಕಿ ಬಡಿಸಿದಳು. ಅವನು ಒಂದೆರಡು ದಿನ ಮಲಗಿಯೇ ಇದ್ದ. ಎದ್ದ ಮೇಲೆ ಗಾಣದ ಕಲ್ಲು ಗುಡಿಸಿದ, ಹಗ್ಗ ನೋಡಿದ, ಶಿಳ್ಳೆಯನ್ನೂ ಹಾಕಿದ. ಆ ಶಿಳ್ಳೆ ಕೇಳಿ ಬ್ರಿಜಿದಾ ಅಡುಗೆ ಬಿಟ್ಟು ಹಿತ್ತಲಿಗೆ ಹೋಗಿ ನಿಂತುಕೊಂಡಳು. ಇಷ್ಟು ಸಾಕು, ಇದರ ಮೇಲೆ ಏನೂ ಬೇಡ ಎಂದು ಯಾರನ್ನು ಬೇಡಿಕೊಳ್ಳಬೇಕೆಂದೇ ಅವಳಿಗೆ ತಿಳಿಯಲಿಲ್ಲ.

ಭಾನುವಾರ ಪೂಜೆ ಮುಗಿದ ಮೇಲೆ ಅವನು ಟೋಪಿ ಸರಿಮಾಡಿಕೊಂಡ. "ಎಜಿದಿಯೊ ಹತ್ರ ಹೋಗಿ ಬರ್ತೀನಿ."

"ಯಾಕೆ? ಅವರನ್ನ ಯಾಕೆ ಸಿಕ್ಕಿಸ್ತೀಯ? ಯಾರಾದ್ರೂ ನೋಡಿದ್ರೆ?"

"ಬಾಯಲ್ಲಿ ಏನೂ ಹೇಳಲ್ಲ. ಕೈ ಹಿಡ್ಕೊಂಡು ಬರ್ತೀನಿ ಅಷ್ಟೆ. ಅಷ್ಟೂ ಮಾಡ್ದೆ ಇದ್ರೆ ನಾನೆಂಥವನು?"

ಅವಳು ಹಿಂದೆಯೇ ಓಡಿದಳು. ಅಂಗಡಿಯ ಬಾಗಿಲು ತಲುಪುವಷ್ಟರಲ್ಲಿ ಕಾನಿಯೊ ಒಳಗಿದ್ದ. ಡಾನ್ ಎಜಿದಿಯೊನ ಕೈ ಅವನ ಎರಡೂ ಕೈಗಳ ನಡುವೆ ಇತ್ತು. ಗಿರಾಕಿಗಳಿಬ್ಬರು ನೋಡುತ್ತಿದ್ದರು. ಔಷಧಿಯವನಿಗೆ ಬೆವರು ಕಿತ್ತುಕೊಂಡಿತು.

"ಏನಿದು, ಏನಿದು? ಯಾವ ಉಪಕಾರ? ನಾನು ಏನೂ ಮಾಡಿಲ್ಲ." ದನಿ ಏರಿಸಿ, ಗಿರಾಕಿಗಳಿಗೂ ಕೇಳಲಿ ಎಂಬಂತೆ ಹೇಳಿದ: "ನಾನು ಆ ಹಾಳು ಕೂಟವನ್ನ ಈಸ್ಟರಿಗೆ ಮುಂಚೇನೇ ತೊರೆದಿದ್ದೀನಿ. ಡಾನ್ ಲಿಬೆರಾತೊ ಜೊತೆಗೇನೇ ಹೋಗಿ ಮಂಡಿಯೂರಿ ಬಂದೆ. ಎಲ್ಲರೂ ಬಂದ್ರು. ನೀನೂ ಆ ಕಮ್ಮಾರನೂ ಮಾತ್ರ ಕತ್ತೆ ಹಾಗೆ ಹಟ ಹಿಡಿದ್ರಿ. ಆಮೇಲೆ ನಾನು ನಿನ್ನ ಗಾಣದ ಮೆಟ್ಟಿಲನ್ನೂ ತುಳಿದಿಲ್ಲ. ಬೇಕಾದ್ರೆ ನಿನ್ನ ಹೆಂಡ್ತೀನೇ ಕೇಳು, ನನ್ನ ಹತ್ರ ಬಂದು ಗೋಗರೆದಳು, ಓಡಿಸಿದೆ."

ಕಾನಿಯೊ ಕೈ ಬಿಟ್ಟ. ತಿರುಗಿ ಬಾಗಿಲಲ್ಲಿ ನಿಂತಿದ್ದ ಹೆಂಡತಿಯನ್ನು ನೋಡಿದ. ಅವಳು ಆ ನೋಟವನ್ನು ಎದುರಿಸಲಾರದೆ ಬೀದಿಯ ಕಲ್ಲು ನೋಡಿದಳು.

ಮನೆಯಲ್ಲಿ ಅವನು ಕೂಗಾಡಲಿಲ್ಲ. ಕೂಗಾಡಿದ್ದರೆ ಒಳ್ಳೆಯದಿತ್ತು. "ಯಾರು ಕೂತಿದ್ರು?" ಎಂದಷ್ಟೇ ಕೇಳಿದ.

ಬ್ರಿಜಿದಾ ಬಾಯಿ ತೆರೆಯುವ ಮುಂಚೆ ದೊನಾತಾ ಹೇಳಿದಳು. "ನಾನು ಕೂತಿದ್ದೆ. ಮಿಕೆಲೀನಾ ಕೂತಿದ್ಲು. ಕೊರಡಿನ ಮುಂದೆ ಇವಳು ಕೂತಿದ್ಲು. ಎಲ್ಲಾ ನೆಟ್ಟಗೆ ಮಾಡಿದ್ವಿ. ನಿನ್ನ ಬಂಧುಗಳಿಗಿಂತ ನೆಟ್ಟಗೆ. ಈಗ ಸುಮ್ಮನೆ ಊಟ ಮಾಡು."

ಅವನು ಊಟ ಮಾಡಲಿಲ್ಲ. ಕೆಳಗೆ ಗಾಣಕ್ಕೆ ಇಳಿದು ಅಲ್ಲಿಯೇ ಮಲಗತೊಡಗಿದ. ತಟ್ಟೆ ಕೊಟ್ಟರೆ ತಿನ್ನುತ್ತಿದ್ದ, ಮಾತಾಡುತ್ತಿರಲಿಲ್ಲ. ಬ್ರಿಜಿದಾ ಮೇಲೆ ಹಲಗೆಗೆ ಕಿವಿಯಿಟ್ಟು ಅವನ ಉಸಿರು ಕೇಳುತ್ತಿದ್ದಳು. ಅವನನ್ನು ಜೀವಂತ ತಂದಿದ್ದೇನೆ ಎಂದು ತನಗೆ ತಾನೇ ಎಷ್ಟು ಸಲ ಹೇಳಿಕೊಂಡರೂ ಎದೆಯಲ್ಲಿನ ಕಲ್ಲು ಜರುಗಲಿಲ್ಲ.

ಬೇಸಿಗೆ ಕೊನೆಗೆ ಒಂದು ದಿನ ಅವನೇ ಮೇಲೆ ಬಂದ. ಕ್ಷೌರ ಮಾಡಿಕೊಂಡಿದ್ದ.

"ಮೇಲಿನ ಕಾಡಲ್ಲಿ ತಪ್ಪಿಸಿಕೊಂಡು ಬಂದ ಒಳ್ಳೆಯ ಬಂಧುಗಳು ಇದ್ದಾರೆ. ಇದ್ದಿಲು ಸುಡೋರ ಜೊತೆ ಸೇರ್ಕೊಂಡಿದ್ದಾರೆ. ಸಮುದ್ರದ ದಡಕ್ಕೆ ಹೋದ್ರೆ ದೋಣಿ ಸಿಗುತ್ತೆ, ಅವರಿಗೆ ದಾರಿ ಗೊತ್ತಿಲ್ಲ. ನನಗೆ ಗೊತ್ತು. ಎಣ್ಣೆ ಹೇರ್ಕೊಂಡು ಹೋಗ್ತಿದ್ದ ದಾರಿ. ಆದ್ರೆ ಆಣೆ ಇರೋನನ್ನ ಮಾತ್ರ ಅವರು ನಂಬ್ತಾರೆ." ಅವನು ಅವಳ ಎದುರು ಮಂಡಿಯೂರಿದ. "ಬಿಚ್ಚಿದ್ದು ನೀನು. ಕಟ್ಟು."

"ಹುಚ್ಚು ಹಿಡೀತಾ ನಿನಗೆ? ಏಳು."

"ನೀನು ಬಿಚ್ಚಿದ್ದು ನಿಜ ಆದ್ರೆ ನಿನಗೆ ಕಟ್ಟೋಕೂ ಬರುತ್ತೆ. ಕಟ್ಟು."

ಒಂದು ಸಲ ಬಿಡುಗಡೆಯಾದವನು ಮತ್ತೆ ಸಿಕ್ಕಿಬಿದ್ದರೆ ವಿಚಾರಣೆಯೂ ಇಲ್ಲ, ಸಿಕ್ಕಲ್ಲೇ ಗುಂಡು ಎಂದು ಚೌಕದಲ್ಲಿ ಡಂಗುರ ಹೊಡೆದಿದ್ದರು. ಬ್ರಿಜಿದಾಗೆ ಉಳಿದಿದ್ದು ಒಂದೇ ಮಾತು. ಅದನ್ನೂ ಹೇಳಿಬಿಟ್ಟಳು.

"ಅದು ನಿಜ ಅಲ್ಲ, ಕಾನಿಯೊ. ಆಟ ಕಟ್ಟಿದ್ವಿ. ಮೂರು ಹೆಂಗಸರು ಅಂಗಿ ಮುಂದೆ ಇಟ್ಕೊಂಡು ಬಾಯಿಗೆ ಬಂದಿದ್ದು ಒದರಿದ್ವಿ. ನನಗೆ ಬಿಚ್ಚೋಕೂ ಬರಲ್ಲ, ಕಟ್ಟೋಕೂ ಬರಲ್ಲ."

ಅವನ ಮುಖ ನಿಧಾನವಾಗಿ ಬದಲಾಯಿತು. ಎಷ್ಟೋ ತಿಂಗಳ ನಂತರ ಅವನು ನಕ್ಕಹಾಗೆ ಅವಳಿಗೆ ಕಂಡಿತು. "ಹಂಗಾದ್ರೆ ನನ್ನ ಆಣೆ ಬಿಚ್ಚೇ ಇಲ್ಲ. ಬಿಷಪ್ಪರ ಮುಂದೆ ನಾನಂದಿದ್ದು ಮೋಸ ಹೋಗಿ ಅಂದ ಮಾತು. ಅದಕ್ಕೆ ಬೆಲೆ ಇಲ್ಲ. ನಾನು ಇನ್ನೂ ಅವರವನೇ."

ಆಗ ಅವಳಿಗೆ ತಿಳಿಯಿತು, ಹೌದೆಂದರೂ ಇಲ್ಲವೆಂದರೂ ಅವನಿಗೆ ಇದ್ದದ್ದು ಒಂದೇ ದಾರಿ. ಅವಳು ಬಾಗಿಲಿಗೆ ಅಡ್ಡ ನಿಂತಳು. ಅಂಗಿ ಹಿಡಿದು ಜಗ್ಗಿದಳು. "ನಿನ್ನನ್ನ ಕೈಬಿಟ್ಟು ಓಡಿಹೋದ್ರಲ್ಲ, ಅವರಿಗೋಸ್ಕರ ಸಾಯ್ತೀಯಾ?"

"ಅವರಿಗೋಸ್ಕರ ಅಲ್ಲ ಕಣೇ." ಯಾರಿಗೋಸ್ಕರ ಎಂದು ಅವನು ಹೇಳಲಿಲ್ಲ. ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ, ನೋಯದ ಹಾಗೆ. ದೊನಾತಾ ಒಲೆಯ ಮುಂದಿನಿಂದ ಏಳಲಿಲ್ಲ. "ಕಂಬಳಿ ತಗೊಂಡು ಹೋಗು, ಮೇಲೆ ಚಳಿ," ಎಂದಳು ಅಷ್ಟೆ.

ಎರಡು ಗುಂಪುಗಳನ್ನು ಅವನು ದಡ ಮುಟ್ಟಿಸಿದನೆಂದು ಆಮೇಲೆ ಗೊತ್ತಾಯಿತು. ಮೂರನೆಯ ಸಲ ಕಾಡನ್ನು ಸೈನ್ಯ ಸುತ್ತುವರಿದಿತ್ತು. ಆಲಿವ್ ಕಾಯಿಗೆ ಬಣ್ಣ ಬರುತ್ತಿದ್ದ ದಿನಗಳವು. ಸುದ್ದಿ ತಂದವಳು ಮಿಕೆಲೀನಾ. ಬ್ರಿಜಿದಾ ಹೇಸರಗತ್ತೆ ಹೊಡೆದುಕೊಂಡು, ಒಬ್ಬಳೇ ಬೆಟ್ಟ ಹತ್ತಿದಳು. ಸೈನಿಕರು ಹೋಗಿಬಿಟ್ಟಿದ್ದರು. ಇದ್ದಿಲ ಗೂಡುಗಳನ್ನೆಲ್ಲ ಒಡೆದಿದ್ದರು. ಕಟ್ಟಿಗೆ ಅರ್ಧ ಬೆಂದು ಹೊಗೆಯಾಡುತ್ತಿತ್ತು. ಕಾನಿಯೊನನ್ನು ಒಂದು ಓಕ್ ಮರದ ಕೆಳಗೆ ಮಲಗಿಸಿ, ಮುಖಕ್ಕೆ ಕಂಬಳಿ ಮುಚ್ಚಿ, ಮುದುಕನೊಬ್ಬ ಕಾಯುತ್ತಾ ಕೂತಿದ್ದ. ಅವನು ನಿಜವಾಗಿಯೂ ಇದ್ದಿಲು ಸುಡುವವನು. ಯಾವ ಆಣೆಯನ್ನೂ ಇಟ್ಟವನಲ್ಲ. ಕಣ್ರೆಪ್ಪೆಯವರೆಗೂ ಮಸಿ ಹಿಡಿದಿತ್ತು.

"ನೀನೇನಾ ಬ್ರಿಜಿದಾ?" ಎಂದು ಕೇಳಿದ.

ಅವಳು ತಲೆಯಾಡಿಸಿದಳು.

"ಮೊದಲ ದಿನ ಬಂದಾಗ ಆ ಜನ ಇವನನ್ನ ನಂಬಲಿಲ್ಲ ತಾಯಿ. ನೀನು ಬಿಷಪ್ಪರ ಮುಂದೆ ಮಂಡಿಯೂರಿದೋನು, ಮತ್ತೆ ನಿನ್ನ ಆಣೆ ಕಟ್ಟಿದ್ದು ಯಾರು ಅಂತ ಕೇಳಿದ್ರು. ಪಿಯೆತ್ರಸೆಲ್ಲದ ಮಂಡಿಯ ಯಜಮಾನಿ ಅಂದ. ಅವರು ನಕ್ಕುಬಿಟ್ರು. ಹೆಂಗಸಾ ಅಂದ್ರು. ಹೌದು, ನನ್ನ ಹೆಂಡ್ತಿ, ಬ್ರಿಜಿದಾ, ಅವಳು ಕಟ್ಟಿದ್ದು ಅಂದ. ಅದೇ ಮಾತಿಗೆ ನಿಂತ. ಕೊನೆಗೆ ನಂಬಿದ್ರು."

ತಾನು ಕಟ್ಟಲಿಲ್ಲ ಎಂದು ಹೇಳಲು ಹೊರಟ ಬ್ರಿಜಿದಾ ಕಂಬಳಿಯ ಅಂಚನ್ನು ಸರಿಪಡಿಸಿದಳು. ಗಂಡ ತನ್ನ ಮೇಲೆ ಗೌರವ ಹೊರಿಸಿ ಹೋದನೋ, ತನ್ನ ಸಾವನ್ನು ಹೊರಿಸಿ ಹೋದನೋ, ಅದನ್ನು ಕೇಳಿ ತಿಳಿಯಲು ಅವನಿರಲಿಲ್ಲ.

"ಕಾಲು ಹಿಡ್ಕೋ," ಎಂದ ಮುದುಕ. "ಹೇಸರಗತ್ತೆ ಮೇಲೆ ಏರ್ಸೋಣ. ಮಳೆ ಬರೋ ಹಾಗಿದೆ."

ಅವಳು ಕಾಲು ಹಿಡಿದುಕೊಂಡಳು.